ಪಾರ್ಕಿನ ನಲ್ಲಿ

ಬಸ್ಸು ಬದಲಿಸಬೇಕಾದ ಊರಿನಲ್ಲಿ ಮುಂದಿನ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ಅಷ್ಟರಲ್ಲಿ ಊರು ಸುತ್ತಿ ಬರೋಣ ಎಂದು ಹೊರಡಿಸಿದವನು ಹುಡುಗಿಯ ಸೋದರಮಾವ. ದರ್ಜಿ. ಮದುವೆ ಮಾತುಕತೆಗೆ ಗಂಡಿನ ಕಡೆಯವರನ್ನು ತನ್ನೂರಿಗೆ ಕರೆದೊಯ್ಯಲು ತಾನೇ ಖುದ್ದಾಗಿ ಬಂದಿದ್ದ.

"ಬನ್ನಿ ಅಳಿಯಂದ್ರೇ, ನಡ್ಕೊಂಡು ಹೋದ್ರೇನೇ ಊರು ಕಾಣೋದು."

ಗಂಡು ಮೂಗಣ್ಣ ಅಮ್ಮನನ್ನು ಕರೆದುಕೊಂಡು ಅವನ ಹಿಂದೆ ನಡೆದ. ಮೂಗಣ್ಣ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಜೊತೆಗೆ ದುಡಿಯುವವರು ಕಟ್ಟಿದ್ದು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಒಳಚರಂಡಿ ಕೆಲಸಕ್ಕೆ ಇಳಿದವನು. ಪೈಪು ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿ ಒಡೆದಿದೆ ಎಂದು ಅವನ ಮೂಗೇ ಹೇಳುತ್ತಿತ್ತು. ಅಮ್ಮ ಮಾತ್ರ ಹುಡುಗಿಯ ಕಡೆಯವರ ಮುಂದೆ ಮಗನನ್ನು ನೀರಿನ ಇಲಾಖೆಯ ಆಫೀಸಿನಲ್ಲಿ ಕೂರಿಸಿಬಿಟ್ಟಿದ್ದಳು. ಆ ಸುಳ್ಳಿಗೆ ತಕ್ಕಂತೆ ಇವತ್ತು ಗಂಜಿ ಹಾಕಿದ ಬಿಳಿ ಶರ್ಟು ಬೇರೆ.

ಅವನು ಹುಡುಗಿಯ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದ. ಜೋರಾಗಿ ನಕ್ಕರೆ ಅವಳ ಮೂಗಿನಿಂದ ಗೊರ್ ಎಂದು ಸದ್ದು ಬರುತ್ತಿತ್ತು. ಆ ನಗು ತಪ್ಪಿಹೋದೀತೆಂದು ಸುಳ್ಳನ್ನು ನುಂಗಿಕೊಂಡು ಕೂತಿದ್ದ.

ಸೆಖೆಯೋ ಸೆಖೆ. ಗಾಳಿ ಬೀಸಿದರೂ ಯಾರೋ ಕತ್ತಿನ ಮೇಲೆ ಉಸಿರು ಬಿಟ್ಟ ಹಾಗೆ. ರಸ್ತೆಯುದ್ದಕ್ಕೂ ಸುಣ್ಣ ಬಳಿಸಿಕೊಂಡು ನಿಂತ ತಾಳೆಮರಗಳು. ಬುಡದಲ್ಲಿ ಕೊಳೆತ ಹಣ್ಣಿನ ಸಿಪ್ಪೆ, ಅದರ ತುಂಬ ನೊಣ. ಗಾಜಿನ ಅಂಗಡಿಗಳ ಎಸಿ ನೀರು ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಸೆಂಟಿನ ಘಮಲು, ಹೊರಗೆ ಮೆಟ್ಟಿಲ ಪಕ್ಕದಲ್ಲೇ ಉಚ್ಚೆಯ ನಾತ.

"ಆಹಾ, ಎಷ್ಟು ಕ್ಲೀನು ನೋಡಿ!" ಎಂದ ದರ್ಜಿ.

"ಮೇಲ್ಮೇಲೆ," ಎಂದ ಮೂಗಣ್ಣ. ಅಮ್ಮ ಪಕ್ಕೆ ತಿವಿದಳು.

ಪಾರ್ಕು ಸಿಕ್ಕಿತು. ನಲ್ಲಿಯ ಮುಂದೆ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳ ಸಾಲು. ದರ್ಜಿ ನಡುವೆ ನುಗ್ಗಿ ಎರಡು ಬೊಗಸೆ ಕುಡಿದು, "ಜೀವ ತಂಪಾಯ್ತು!" ಎಂದು ಮೀಸೆ ಒರೆಸಿಕೊಂಡ. ಅಮ್ಮ ಬಾಟಲಿ ತುಂಬಿಸಿ ಮಗನಿಗೆ ಚಾಚಿದಳು. ಮೂಗಣ್ಣ ಬಾಯಿಯ ತನಕ ಎತ್ತಿದವನು ಅಲ್ಲೇ ನಿಂತ. ಆ ನಾತ ಅವನಿಗೆ ಹೊಸದಲ್ಲ. ದಿನವೂ ಸೊಂಟದವರೆಗೆ ಇಳಿದು ನಿಂತು ಬರುವ ಚರಂಡಿಯದ್ದು.

"ಅಮ್ಮಾ, ಕುಡೀಬೇಡ! ಏಯ್ ಮಕ್ಕಳಾ, ನಿಲ್ಸಿ! ಚರಂಡಿ ಸೇರಿದೆ ಇದಕ್ಕೆ."

ಪಾರ್ಕಿನ ಕಾವಲುಗಾರ ಕುರ್ಚಿಯಿಂದ ಏಳಲೂ ಇಲ್ಲ. "ದಿನಾ ಸಾವಿರ ಜನ ಕುಡೀತಾರೆ. ನಿನಗೊಬ್ಬನಿಗೇ ನಾತ ಬಂತಾ? ಏನ್ ಇಂಜಿನಿಯರಾ ನೀನು?"

"ಏನಂದ್ಕೊಂಡೆ ಮತ್ತೆ? ನೀರಿನ ಇಲಾಖೆ ಆಫೀಸರು ನಮ್ಮ ಅಳಿಯಂದ್ರು!" ಎಂದು ದರ್ಜಿ ಎದೆಯುಬ್ಬಿಸಿದ.

"ಹಾಗಾದ್ರೆ ಆಫೀಸಲ್ಲಿ ಕೂತು ಅರ್ಜಿ ಬರೀಲಿ. ಮೇಲಿನವರು ಹೇಳದೆ ನಾನು ವಾಲ್ವ್ ಮುಟ್ಟಲ್ಲ."

ಮಕ್ಕಳು ಮತ್ತೆ ನಲ್ಲಿಗೆ ಬಾಯಿ ಕೊಟ್ಟರು. ಮೂಗಣ್ಣ ಸುತ್ತ ನೋಡಿದ. ನಾಲ್ಕು ಮಾರು ಆಚೆ ಹುಲ್ಲಿನ ನಡುವೆ ಮ್ಯಾನ್‌ಹೋಲಿನ ಮುಚ್ಚಳ, ಅಂಚೆಲ್ಲ ಒದ್ದೆ. ಬೇಲಿಯ ಸಡಿಲ ಸರಳೊಂದನ್ನು ಕಿತ್ತುಕೊಂಡ.

"ಮಗಾ, ಶರ್ಟು..." ಎಂದಳು ಅಮ್ಮ. ಅವಳು ಬೇಡುತ್ತಿದ್ದದ್ದು ಶರ್ಟಿಗಾಗಿ ಅಲ್ಲ ಎಂದು ಅವನಿಗೆ ಗೊತ್ತಿತ್ತು.

"ನಾನು ಆಫೀಸರೂ ಅಲ್ಲ, ಮಣ್ಣಾಂಗಟ್ಟಿನೂ ಅಲ್ಲ," ಎಂದು ಕೂಗಿದ. "ಮ್ಯಾನ್‌ಹೋಲಿಗೆ ಇಳಿಯೋನು. ಒಂಬತ್ತು ವರ್ಷದಿಂದ ಇದೇ ನನ್ನ ಕೆಲಸ. ಬಂದು ನೋಡ್ರಿ ಇಲ್ಲಿ!"

ಸರಳು ಸಿಕ್ಕಿಸಿ ಮುಚ್ಚಳ ಮಗುಚಿದ. ಒಳಗೆ ಕಂಠದವರೆಗೆ ಕಪ್ಪು ರೊಚ್ಚು. ಅದರ ನಡುವೆಯೇ ನಲ್ಲಿಗೆ ಹೋಗುವ ಪೈಪು ಅರ್ಧ ಮುಳುಗಿ ಹಾದುಹೋಗಿತ್ತು. ಅದರ ಜಾಯಿಂಟು ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಮೂಗಣ್ಣ ಮಂಡಿಯೂರಿ ಕೈ ಇಳಿಸಿ ಆ ಬಿರುಕನ್ನು ತೋರಿಸಿದ. "ನೀರು ನಿಂತಾಗೆಲ್ಲ ಇದೇ ರೊಚ್ಚು ಒಳಗೆ ಹೋಗತ್ತೆ. ಮತ್ತೆ ನೀರು ಬಂದಾಗ ಅದೇ ನಿಮ್ಮ ಬಾಯಿಗೆ."

ಕಾವಲುಗಾರ ಮೂಗು ಮುಚ್ಚಿಕೊಂಡು ವಾಲ್ವಿಗೆ ಓಡಿದ. ದರ್ಜಿ ಮರದ ಬುಡ ಹಿಡಿದು ಬಗ್ಗಿದವನು ಬೆಳಗಿನ ತಿಂಡಿಯನ್ನೆಲ್ಲ ಹೊರಗೆ ಹಾಕಿದ.

ಮೂಗಣ್ಣ ಎದುರಿನ ಅಂಗಡಿಯಲ್ಲಿ ಸೋಪು ಕೇಳಿ, ಮೊಣಕೈವರೆಗೆ ಮೂರು ಸಲ ಉಜ್ಜಿ ತೊಳೆದ. ಒಂದು ಬಾಟಲಿ ನೀರು ಕೊಂಡು ತಂದ.

"ತಗೊಳ್ಳಿ ಮಾವ, ಬಾಯಿ ಮುಕ್ಕಳಿಸಿ."

ದರ್ಜಿ ಬಾಟಲಿ ನೋಡಲಿಲ್ಲ, ಕೈ ನೋಡಿದ. "ಅಲ್ಲೇ ಕೆಳಗಿಡಯ್ಯಾ."

"ತೊಳ್ಕೊಂಡಿದೀನಿ."

"ಎಷ್ಟು ತೊಳೆದ್ರೇನು? ಥೂ! ಈ ಕೈಗೆ ನಮ್ಮ ಹುಡುಗೀನ ಕೊಡೋದಾ?"

"ರೊಚ್ಚನ್ನ ಎರಡು ಬೊಗಸೆ ಕುಡಿದು ತಂಪಾಯ್ತು ಅಂದ್ರಲ್ಲ, ಆಗ ಬರಲಿಲ್ವಾ ಅಸಹ್ಯ? ಸೀಲೂ ಒಡೀದ ಬಾಟ್ಲಿ ನೋಡಿ ಬಂತಾ?"

ದರ್ಜಿ ಇನ್ನೊಮ್ಮೆ ಉಗಿದ. "ನೀವು ತಾಯಿ ಮಗ ವಾಪಸ್ ಬಸ್ಸು ಹತ್ತಿ. ಮನೇಲಿ ನಾನು ಹೇಳ್ಕೋತೀನಿ." ಒಣಬಾಯಿಯಲ್ಲೇ ಬಸ್ ಸ್ಟ್ಯಾಂಡಿನತ್ತ ಹೊರಟುಹೋದ. ಗಡ್ಡಕ್ಕೆ ವಾಂತಿಯ ಎಳೆಯೊಂದು ಹಾಗೇ ಅಂಟಿತ್ತು. ಕರೆದು ಹೇಳಬೇಕು ಎಂದು ಮೂಗಣ್ಣನಿಗೆ ಅನ್ನಿಸಲಿಲ್ಲ.

ಸೀಲು ಒಡೆದು ಗಟಗಟ ಅರ್ಧ ಕುಡಿದ. ಅಮ್ಮ ತಾನು ನಲ್ಲಿಯಲ್ಲಿ ತುಂಬಿಸಿದ್ದನ್ನು ಆ ಗುಂಡಿಗೇ ಸುರಿದು, ಮಗನ ಕೈಯಿಂದ ಬಾಟಲಿ ತೆಗೆದುಕೊಂಡು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅವನು ಊರು ಮುಟ್ಟೋದಕ್ಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಫೋನ್ ಮಾಡು. ನೀನೇನು ಕೆಲಸ ಮಾಡ್ತೀಯ ಅಂತ ಅವಳಿಗೆ ನೀನೇ ಹೇಳು."

"ನೀನ್ ಹೇಳಿದ ಸುಳ್ಳು?"

"ಅದನ್ನೂ ಹೇಳು. ನಮ್ಮಮ್ಮಂಗೆ ನಾಚಿಕೆ ಆಗಿತ್ತು ಅಂತ ಹೇಳು."

ಮೂಗಣ್ಣ ಮೊದಲು ಮುಚ್ಚಳವನ್ನು ಎಳೆದು ಗುಂಡಿಗೆ ಮುಚ್ಚಿದ. ಮತ್ತೆ ಹೋಗಿ ಕೈ ತೊಳೆದು ಬಂದ. ವಾಂತಿಯಿಂದ ಎರಡು ಹೆಜ್ಜೆ ಸರಿದು ನಿಂತು, ನಂಬರು ಒತ್ತಿದ.