ಎರಡನೇ ಸಿಲಿಂಡರಿನ ನೀರು

ಉಳಿದ ಅಡುಗೆಯನ್ನೆಲ್ಲ ಡಿಕ್ಕಿಗೆ ತುಂಬಿ, ಪಾಯಸದ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿಟ್ಟು, ಅಲುಗದ ಹಾಗೆ ಸುತ್ತ ಹಳೇ ಬೆಡ್‌ಶೀಟ್ ಒತ್ತಿ, ನಾನು ಕಾರು ಸ್ಟಾರ್ಟ್ ಮಾಡಿದೆ. ಎಂಜಿನ್ ಹೊತ್ತಿಕೊಂಡಿತು. ಆದರೆ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಬಾನೆಟ್ಟಿನ ಮೇಲಿನ ಚೆಂಡುಹೂವಿನ ಮಾಲೆಯೂ ಜೊತೆಗೆ ನಡುಗಿತು. ಮೀಟರಿನಲ್ಲಿ ಹಳದಿ ದೀಪವೊಂದು ಮಿಣುಕುತ್ತಿತ್ತು.

ಅಂದು ಆಯುಧ ಪೂಜೆ. ಮಹಾಪೆಯ ಕಾರ್ಖಾನೆಯೊಂದರ ಪೂಜೆಯ ಊಟವನ್ನು ನಾನು ಒಪ್ಪಿಕೊಂಡಿದ್ದೆ. ನಮ್ಮ ಹೋಟೆಲಿನ ಆರ್ಡರುಗಳನ್ನೆಲ್ಲ ಹಿಡಿಯುವುದು ನನ್ನ ಗಂಡ ತಾರಾನಾಥರು. ಇದೊಂದನ್ನು ಮಾತ್ರ ನಾನೇ ಮಾತಾಡಿ, ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆಯಲ್ಲೇ ಬೇಯಿಸಿದ್ದೆ. ಊಟದ ಹೊತ್ತಿಗೆ ತಲುಪದಿದ್ದರೆ ನನ್ನ ಹೆಸರಿಗೆ ಇನ್ನೊಂದು ಆರ್ಡರ್ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ನಿನ್ನೆ ಸರಿ ಇತ್ತಲ್ಲ ಮಾರಾಯ್ತಿ!" ಎಂದರು ಅವರು.

"ಇತ್ತು. ಇವತ್ತು ಬೆಳಿಗ್ಗೆ ನೀವು ಇದಕ್ಕೆ ಎಂತ ಮಾಡಿದ್ರಿ?"

"ಎಂತ ಮಾಡುದು? ತೊಳೆದೆ. ಪೂಜೆಗೆ ಇಡುವ ವಸ್ತು ಅಲ್ವಾ?"

"ಎಲ್ಲಿ ಎಲ್ಲಿ ತೊಳೆದ್ರಿ?"

"ಮೇಲೆ… ಕೆಳಗೆ…" ಸ್ವರ ಇಳಿಯಿತು. "ಬಾನೆಟ್ ತೆಗೆದು ಒಳಗೂ. ಪೈಪಲ್ಲಿ."

ರುಬ್ಬುವ ಕಲ್ಲು, ಮೆಟ್ಟುಕತ್ತಿ, ಸೌಟು ಎಲ್ಲವನ್ನೂ ತೊಳೆದೇ ದೇವರ ಮುಂದಿಡುವುದು ನಮ್ಮ ಕ್ರಮ. ಎಂಜಿನ್ನನ್ನೂ ಅವರು ಅದೇ ಸಾಲಿಗೆ ಸೇರಿಸಿದ್ದರು.

ಮಗಳು ಅಶ್ಮಿತಾ ಪೂಜೆಗೆ ಉಟ್ಟ ಸೀರೆ ಬಿಚ್ಚಿಟ್ಟು, ಟೀಶರ್ಟ್ ಹಾಕಿಕೊಂಡು ಕೆಳಗೆ ಬಂದಳು. ಆಟೊಮೊಬೈಲ್ ಡಿಪ್ಲೊಮಾದ ಕೊನೆಯ ವರ್ಷ ಅವಳದ್ದು.

"ಅಮ್ಮಾ, ಬಂದ್ ಕರೋ. ಆ ಲೈಟ್ ಮಿಣುಕ್ತಾ ಇದ್ರೆ ಓಡಿಸ್ಬಾರ್ದು. ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲ. ಅದರ ಪೆಟ್ರೋಲ್ ಸುಡದೆ ಸೈಲೆನ್ಸರಿಗೆ ಹೋಗ್ತಾ ಇದೆ."

"ನೀನು ಓದಿದ್ದು ಪರೀಕ್ಷೆ ಬರೀಲಿಕ್ಕೆ. ಇದು ಊಟದ ವಿಷಯ," ಎಂದರು ಅವಳ ಅಪ್ಪ.

"ಪಪ್ಪಾ, ಸ್ನಾನ ಮಾಡಿಸಿದ್ದು ಠೀಕ್ ಹೈ. ಒರೆಸ್ಲಿಕ್ಕೆ ಯಾರು ಬರ್ಬೇಕು?"

ಅವಳು ನಟ್ಟು ಬಿಚ್ಚುವ ಪಾನಗಳ ಡಬ್ಬಿ ಕೇಳಿದಳು. ಅದು ಮೇಲೆ ದೇವರ ಮುಂದೆ, ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ತರಲು ಹೋದ ನನ್ನನ್ನು ಅತ್ತೆ ತಡೆದರು.

"ಪೂಜೆಗೆ ಇಟ್ಟ ಆಯುಧ ನಾಳೆವರೆಗೆ ಮುಟ್ಲಿಕ್ಕಿಲ್ಲ."

"ಅತ್ತೆ, ಕಾರಿಗೂ ಪೂಜೆ ಆಗಿದೆ. ಅದು ನಿಂಬೆಹಣ್ಣಿನ ಮೇಲೆ ಹೋದ್ರೇ ಅಲ್ವಾ ಪೂಜೆ ಮುಗಿಯುದು? ಹಣ್ಣು ಇನ್ನೂ ಚಕ್ರದಡಿ ಹಾಗೇ ಇದೆ."

ಅವರು ಸ್ವಲ್ಪ ಹೊತ್ತು ದೇವರನ್ನು ನೋಡಿದರು, ಆಮೇಲೆ ನನ್ನನ್ನು. ಅಕ್ಷತೆ ತೆಗೆದು ಡಬ್ಬಿಯ ಮೇಲೆ ಹಾಕಿ, ಪೂಜೆ ಮುಗಿದ ಮೇಲೆ ಕಲಶ ಕದಲಿಸುವ ಹಾಗೆ ಅದನ್ನು ತುಸು ಉತ್ತರಕ್ಕೆ ಸರಿಸಿದರು. "ಅನ್ನದ ಕೆಲಸ. ತಕೊಂಡು ಹೋಗು. ಬೇರೆ ಯಾವುದನ್ನೂ ಮುಟ್ಬೇಡ."

ಕೆಳಗೆ ಎಂಜಿನ್ ಮತ್ತೆ ಓಡುತ್ತಿತ್ತು. ಮೂರು ಸಿಲಿಂಡರು, ಪ್ರತಿಯೊಂದರ ಮೇಲೆ ಕಿಡಿಗೆ ಕರೆಂಟ್ ಕೊಡುವ ಒಂದೊಂದು ಕಾಯಿಲ್. ಅಶ್ಮಿತಾ ಮೊದಲನೆಯದರ ವೈರ್ ಕಿತ್ತಳು. ಎಂಜಿನ್ ಆರಿಹೋಗುವ ಹಾಗೆ ಮುಗ್ಗರಿಸಿತು. ಮತ್ತೆ ಸಿಕ್ಕಿಸಿದಳು. ಮೂರನೆಯದಕ್ಕೂ ಹಾಗೇ ಆಯಿತು. ಎರಡನೆಯದನ್ನು ಕಿತ್ತಾಗ ಶಬ್ದ ಒಂದಿಷ್ಟೂ ಬದಲಾಗಲಿಲ್ಲ.

"ಇದೇ ಮಲಗಿದ್ದು."

ಎಂಜಿನ್ ಬಂದ್ ಮಾಡಿ ಆ ಕಾಯಿಲ್ ಮೇಲೆತ್ತಿದರೆ, ಕಿಡಿ ಹಾರಿಸುವ ಪ್ಲಗ್ ಕೂತ ಆಳವಾದ ಗುಂಡಿಯಲ್ಲಿ ನೀರು ಹೊಳೆಯುತ್ತಿತ್ತು.

"ಪ್ಲಗ್ ಬಿಚ್ಚುವ ಮೊದಲು ನೀರು ತೆಗೀಬೇಕು. ಇಲ್ಲಾಂದ್ರೆ ಸಿಲಿಂಡರಿಗೆ ಇಳೀತದೆ. ಹವಾ ಹೊಡೀಲಿಕ್ಕೆ ಗ್ಯಾರೇಜ್ ಇವತ್ತು ಬಂದ್."

"ಹವಾ ಎಂತಕ್ಕೆ?" ಎಂದೆ. ಉಪ್ಪಿನಕಾಯಿ ಭರಣಿಯ ತಳ ಒರೆಸುವ ಹಾಗೆ, ಉದ್ದ ಚಮಚದ ಹಿಡಿಗೆ ಹತ್ತಿ ಸೀರೆಯ ಚೂರು ಸುತ್ತಿ ಇಳಿಸಿದೆ, ತಿರುಗಿಸಿದೆ, ಎತ್ತಿ ಹಿಂಡಿದೆ. ಬಟ್ಟೆ ಒದ್ದೆಯಾಗದೆ ಮೇಲೆ ಬರುವವರೆಗೂ ಬಿಡಲಿಲ್ಲ. ಅವಳು ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಕೂರಿಸಿದಳು.

ಸ್ಟಾರ್ಟ್ ಮಾಡಿದೆವು. ಮತ್ತೆ ಅದೇ ನಡುಕ.

ಆಗಲೇ ಮಹಾಪೆಯಿಂದ ಕಾರ್ಖಾನೆಯ ಸೂಪರ್‌ವೈಸರ್ ಮಾಪಣ್ಣನ ಫೋನು. "ಅಕ್ಕಾರ, ಎಲ್ಲಿ ಅದೀರಿ? ಇಲ್ಲಿ ಮಷೀನಿಗೆ ಕುಂಬಳಕಾಯಿ ಒಡ್ಯಾಕ ಹತ್ತ್ಯಾರ. ನಮ್ಮ ಹೊಟ್ಟಿ ಅಷ್ಟ ಖಾಲಿ ಐತಿ ನೋಡ್ರಿ."

"ಎಲೆ ತೊಳೆದಿಡಿ ಮಾಪಣ್ಣ. ಬರ್ತೇವೆ."

"ಟೆಂಪೊ ಹುಡುಕ್ತೇನೆ ನಾನು," ಎಂದು ಗಂಡ ಚಪ್ಪಲಿ ಮೆಟ್ಟಿದರು.

"ಇವತ್ತು ಟೆಂಪೊಗಳೂ ಮಾಲೆ ಹಾಕಿಕೊಂಡು ನಿಂತಿವೆ. ನೀವಿಲ್ಲೇ ಇರಿ, ಪಾತ್ರೆ ಹಿಡೀಲಿಕ್ಕೆ ಬೇಕು," ಎಂದೆ.

ಅಶ್ಮಿತಾಳ ಮುಖ ಕೆಂಪಾಗಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. "ಅವಸರ ಇಲ್ಲ ಮಗಾ. ಕಾಯಿಲ್ ಹಾಳಾಗಿದೆಯೋ, ಸಿಲಿಂಡರೇ ಹಾಳಾಗಿದೆಯೋ, ಹೇಗೆ ಗೊತ್ತಾಗ್ತದೆ ಹೇಳು."

"ಜಾಗ ಬದಲಾಯಿಸ್ಬೇಕು…" ಎಂದವಳು ಮಾತು ಮುಗಿಸುವ ಮೊದಲೇ ಪಾನ ಎತ್ತಿದಳು. ಎರಡನೆಯದರ ಕಾಯಿಲ್ ಮೂರನೆಯದಕ್ಕೆ, ಮೂರನೆಯದರದ್ದು ಎರಡನೆಯದಕ್ಕೆ. ಮತ್ತೆ ಸ್ಟಾರ್ಟ್, ಮತ್ತೆ ಒಂದೊಂದೇ ವೈರ್. ಈಗ ಎರಡನೆಯದು ಎಚ್ಚರವಾಗಿತ್ತು. ಮೂರನೆಯದು ಮಲಗಿತ್ತು.

"ಕಾಯಿಲ್ ಜೊತೆಗೇ ರೋಗ ಹೋಯ್ತು! ಸಿಲಿಂಡರ್ ಗಟ್ಟಿ ಇದೆ ಅಮ್ಮಾ!"

ಆ ಕಾಯಿಲ್ ತೆಗೆದು, ಅದರ ತುದಿಯ ರಬ್ಬರ್ ಕೊಳವೆಯನ್ನು ಎಳೆದು ಕೊಡವಿದಳು. ಒಳಗಿನ ಸ್ಪ್ರಿಂಗಿನಿಂದ ಎರಡು ಹನಿ ಅವಳ ಅಂಗೈಗೆ ಬಿದ್ದವು. ಕಿಡಿ ಪ್ಲಗ್ಗಿಗೆ ಇಳಿಯದೆ ಆ ನೀರಿನ ದಾರಿ ಹಿಡಿದು ಪಕ್ಕಕ್ಕೆ ಹಾರಿಹೋಗುತ್ತಿತ್ತು. ವಾಚ್‌ಮನ್‌ನ ಕೋಣೆಯಿಂದ ವೈರ್ ಎಳೆದು, ಕೂದಲು ಒಣಗಿಸುವ ತನ್ನ ಡ್ರೈಯರ್ ಹಿಡಿದಳು. ರಬ್ಬರ್ ಬೆಚ್ಚಗಾಗಿ ಒಣಗಿದ ಮೇಲೆ ಕಾಯಿಲ್ ಮತ್ತೆ ಕೂರಿಸಿದಳು.

ಈ ಸಲ ಎಂಜಿನ್ ಒಂದೇ ಉಸಿರಿಗೆ ಎದ್ದು ಸಮನಾಗಿ ನಿಂತಿತು. ಹಳದಿ ದೀಪ ಮಿಣುಕುವುದನ್ನು ಬಿಟ್ಟು ಸುಮ್ಮನೆ ಉರಿಯತೊಡಗಿತು. ಅದು ತಾನಾಗಿ ಆರಲು ದಿನ ಹಿಡಿಯಬಹುದು, ಈಗ ಓಡಿಸಬಹುದು ಎಂದಳು ಅಶ್ಮಿತಾ. ನಿಂಬೆಹಣ್ಣು ಚಕ್ರದಡಿ ಚಟ್ಟೆಂದಿತು. ಮೇಲೆ ಬಾಲ್ಕನಿಯಲ್ಲಿ ಅತ್ತೆ ಕೈ ಮುಗಿದರು.

ಶೀಲ್‌ಫಾಟಾ ದಾಟಿ ಮಹಾಪೆಯ ಏರಿನಲ್ಲಿ ನಾನು ಎರಡನೇ ಗೇರಿಗೆ ಹಾಕಿ ಒತ್ತಿದೆ. ಕಾರು ತುಂಬಿದ ಪಾತ್ರೆಗಳನ್ನು ಹೊತ್ತು ಒಂದು ಬಾರಿಯೂ ಮುಗ್ಗರಿಸದೆ ಹತ್ತಿತು. ಹಿಂದಿನ ಸೀಟಿನಲ್ಲಿ ಪಾಯಸ ತಬ್ಬಿಕೊಂಡು ಕೂತಿದ್ದ ಗಂಡ, ತಿರುವು ಬಂದಾಗಲೆಲ್ಲ ಮುಂದೆ ಕೂತ ಮಗಳಿಗೆ "ಇನ್ನು ತೊಳೆಯುದಿಲ್ಲ, ಆಯ್ತಾ?" ಎನ್ನುತ್ತಿದ್ದರು.

ಎಲೆ ಹಾಸಿಯಾಗಿತ್ತು. "ತಡಾ ಆತಲ್ರಿ ಅಕ್ಕಾರ," ಎನ್ನುತ್ತಾ ಮಾಪಣ್ಣ ಮುಚ್ಚಳ ತೆಗೆದ. ಹಬೆ ಮುಖಕ್ಕೆ ಬಡಿದದ್ದೇ ಬಡಿಸುವ ಬಕೆಟ್ ತರಲು ಓಡಿದ. ಎರಡನೇ ಸಲ ಪಾಯಸ ಬಡಿಸುವಾಗ ಮಾಲೀಕರು ನನ್ನ ಗಂಡನ ಹತ್ತಿರ ಬಂದು, ದೀಪಾವಳಿಗೂ ಮಾಡಿಕೊಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು.

"ಮುಝೆ ಮತ್ ಪೂಛಿಯೇ ಸಾಬ್," ಎಂದು ಇವರು, ಕೇಳಬೇಕಾದ್ದು ನನ್ನನ್ನು ಎಂಬಂತೆ ನನ್ನತ್ತ ಕೈ ತೋರಿಸಿದರು. "ಆರ್ಡರ್ ಇನ್‌ಕಾ ಹೈ."

ಸೌಟನ್ನು ಗಂಡನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನಾನು ಮಾತಾಡಲು ಹೋದೆ.