ಉಜ್ಜದ ಅಂಚು

"ಉಜ್ಜಬೇಡ ಅಂದ್ನಲ್ಲ, ಕಿವಿ ಕೇಳಲ್ವಾ ಮುಂಡೆ ನಿಂಗೆ?"

ತಗಡಿನವಳು ಅರವನ್ನು ಅಂಚಿನಿಂದ ಎತ್ತಿದಳು. ಟೈಲ್ಸ್ ಅಂಗಡಿಯ ಯಜಮಾನ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಅವಳ ಮುಂದೆ ಪ್ಲೈವುಡ್ ಹಲಗೆಯ ಮೇಲೆ ತೆಳುವಾದ ಸ್ಟೀಲ್ ಹಾಳೆ ಹರಡಿತ್ತು. ಕೊಯ್ಯಬೇಕಾದ ಗೆರೆಯುದ್ದಕ್ಕೂ ಅಂಟುಪಟ್ಟಿ ಹಚ್ಚಿ, ಮಗ್ಗುಲಿಗೆ ನೇರವಾದ ಕಬ್ಬಿಣದ ಪಟ್ಟಿ ಬಿಗಿದು, ಕೈಮೆಷಿನ್ನಿನ ಚಕ್ರವನ್ನು ಮೊದಲ ಸಲ ಬರೀ ಗೀರು ಬೀಳುವಷ್ಟು, ಎರಡನೇ ಸಲ ಆಳಕ್ಕೆ ಓಡಿಸಿದ್ದಳು. ಒತ್ತಿದರೆ ತಗಡು ಕಾದು ನೀಲಿಗಟ್ಟುತ್ತದೆ, ಸೊಟ್ಟಗಾಗುತ್ತದೆ. ಮೆಷಿನ್ನು ತನ್ನ ಭಾರಕ್ಕೇ ಕೊಯ್ಯಲಿ, ನೀನು ದಾರಿ ತೋರಿಸಿದರೆ ಸಾಕು ಅಂತ ಗಂಡ ಹೇಳಿಕೊಟ್ಟಿದ್ದ. ಅವನು ಸತ್ತ ಮೇಲೆ ಮೆಷಿನ್ನು ಅವಳ ಕೈಗೆ ಬಂತು. ಕೆಲಸವೂ ಬಂತು, ಜೊತೆ ಬರಲಿಲ್ಲ. ಹೆಂಗಸು ಮೆಷಿನ್ ಹಿಡಿದ ಕಡೆ ಗಂಡಸರು ಕೈಯಾಳಾಗಿ ನಿಲ್ಲುತ್ತಿರಲಿಲ್ಲ. ಹಾಳೆಯ ಆಚೆ ತುದಿ ಹಿಡಿಯಲು ಯಾರೂ ಇಲ್ಲದೆ ಅದರ ಮೇಲೆ ಕಲ್ಲು ಹೇರುತ್ತಿದ್ದಳು.

ಕೊಯ್ದ ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳು ಏಳುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡದೆ ಅವಳು ಯಾರಿಗೂ ತಗಡು ಕೊಟ್ಟವಳಲ್ಲ.

"ಕೈ ಕೊಯ್ಯುತ್ತೆ ಸಾರ್," ಅಂದಳು.

"ಕೊಯ್ಲಿ ಅಂತಾನೇ. ದಿನಾ ಬೆಳಗಾದ್ರೆ ನನ್ನ ಕಟ್ಟೆ ಮೇಲೆ ಕೂತು ಉಗೀತಾವೆ ಬೋಳಿಮಕ್ಕಳು. ಕಾರಲ್ಲಿ ಬರೋರು ನಿಮ್ಮ ಮೋರೆಗಳನ್ನ ನೋಡ್ಕೊಂಡು ಒಳಗೆ ಬರಬೇಕಾ? ಅಂಡು ಸೀಳಿದ್ರೆ ಇನ್ನೊಂದ್ಸಲ ಇತ್ಲಾಗೆ ತಲೆ ಹಾಕಲ್ಲ."

ಅಂಗಡಿಯ ಮುಂದೆ ರಸ್ತೆಗೆ ಮುಖ ಮಾಡಿದ ಮೋಟುಗೋಡೆ ಅದು. ಕೂಲಿಯವರು ಅಲ್ಲಿ ಕೂತರೆ ಮೇಸ್ತ್ರಿಗಳು ಲಾರಿ ತಂದು ಆರಿಸಿಕೊಂಡು ಹೋಗುತ್ತಿದ್ದರು. ತಗಡಿನವಳೂ ಅಲ್ಲೇ, ಕೊನೆಯ ಮೂಲೆಯಲ್ಲಿ ಕೂರುತ್ತಿದ್ದಳು. ಅವಳ ಪಕ್ಕ ಕೂರುತ್ತಿದ್ದವಳು ಇಟ್ಟಿಗೆ ಹೊರುವ ಅಜ್ಜಿ ಒಬ್ಬಳೇ. ನಿನ್ನ ಮೆಷಿನ್ನಿನ ಸದ್ದಿಗೆ ನಿನ್ನ ಗಂಡ ಸ್ವರ್ಗದಲ್ಲೂ ಕಿವಿ ಮುಚ್ಚಿಕೊಂಡಿರಬೇಕು ಅಂತ ಚೇಷ್ಟೆ ಮಾಡುತ್ತಿದ್ದಳು. ದಿನದಲ್ಲಿ ತಗಡಿನವಳು ನಗುತ್ತಿದ್ದುದು ಆಗಷ್ಟೇ.

ಮಹಡಿ ಮೇಲಿನ ಅಡುಗೆಮನೆಯ ತಗಡಿನ ಕೆಲಸವೂ ನಿನಗೇ ಅಂತ ಯಜಮಾನ ಆಸೆ ತೋರಿಸಿದ. ತಿಂಗಳಿಂದ ಕೆಲಸವಿಲ್ಲದೆ ಮೆಷಿನ್ನು ಮೂಲೆಯಲ್ಲಿ ಕೂತಿತ್ತು. ಅವಳು ಅರವನ್ನು ಚೀಲಕ್ಕೆ ಹಾಕಿದಳು. ಕೊಯ್ದ ತಗಡಿನ ಪಟ್ಟಿಗಳನ್ನು ಬಗ್ಗಿಸಿ ಕಟ್ಟೆಗೆ ಕೂರಿಸಿ ಸ್ಕ್ರೂ ಬಿಗಿದಳು. ಯಾರೂ ಬಿಚ್ಚಬಾರದೆಂದು ಯಜಮಾನ ಸ್ಕ್ರೂಗಳ ತಲೆಯನ್ನೂ ಸವೆಸಿ ಹಾಕಿಸಿದ. ಸಂಜೆಯ ಹೊತ್ತಿಗೆ ಕಟ್ಟೆಯುದ್ದಕ್ಕೂ ನಾಲ್ಕು ಬೆರಳೆತ್ತರದ ಸ್ಟೀಲ್ ಅಂಚು ಎದ್ದು ನಿಂತಿತು. ನೂಲು ಹಿಡಿದಂತೆ ನೇರವಾಗಿತ್ತು. ಅಷ್ಟು ಚೆನ್ನಾಗಿ ಬಂದದ್ದಕ್ಕೆ ಅವಳಿಗೆ ಅಸಹ್ಯವಾಯಿತು.

ಮರುದಿನ ಬೆಳಕು ಸರಿಯಾಗಿ ಹರಿಯುವ ಮೊದಲೇ ಕೂಲಿಯವರು ಬಂದರು. ಅಂಚು ನೋಡಿ ಬೈದು ರಸ್ತೆಯಾಚೆ ಹೋಗಿ ನಿಂತರು. ತಗಡಿನವಳು ಬಂದಾಗ ಯಾರೂ ಮಾತಾಡಲಿಲ್ಲ. ಅಜ್ಜಿ ಹಿಂದಿನಿಂದ ಬಂದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ತಗಡಿನವಳು "ಅಜ್ಜೀ, ತಡಿ" ಅನ್ನುವಷ್ಟರಲ್ಲಿ ಅವಳು ಎಂದಿನಂತೆ ತಡವಿ, ಅಂಗೈ ಊರಿ ಕೂರಲು ಹೋದಳು.

ಅಂಗೈ ಅಡ್ಡಡ್ಡ ಸೀಳಿತು. ಅಜ್ಜಿ ಸೆರಗಿನಲ್ಲಿ ಕೈ ಸುತ್ತಿಕೊಂಡು ನೆಲಕ್ಕೆ ಕುಸಿದಳು.

"ಯಾವ ಹಾದರಕ್ಕೆ ಹುಟ್ಟಿದೋನು ಮಾಡಿದ್ನೋ ಇದನ್ನ, ಅವನ ಕೈ ಸೇದೋಗ."

"ಅವನಲ್ಲಜ್ಜಿ, ಅವಳು," ಅಂದ ಗಾರೆಯವನೊಬ್ಬ ರಸ್ತೆಯಾಚೆಯಿಂದ. "ನಿನ್ನ ಪಕ್ಕದಲ್ಲೇ ನಿಂತವಳೆ."

ಅಜ್ಜಿ ಮುಖ ಎತ್ತಿದಳು. "ನೀನೇನೇ?"

ತಗಡಿನವಳು ಕಟ್ಟು ಕಟ್ಟಲು ಕೈ ಚಾಚಿದಳು. ಅಜ್ಜಿ ತನ್ನ ಕೈಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಗಾರೆಯವನು ಬಂದು ಅವಳನ್ನು ಎಬ್ಬಿಸಿಕೊಂಡು ಹೋದ.

ಯಜಮಾನ ಬಾಗಿಲು ತೆಗೆದವನೇ ಚೊಂಬಿನಲ್ಲಿ ನೀರು ತಂದು ಅಂಚಿಗೆ ಸುರಿದ. ರಕ್ತ ಚರಂಡಿಗೆ ಇಳಿಯಿತು.

"ಕಲೆ ನಿಲ್ಲಲ್ಲ ತಾನೆ?" ಅಂತ ಕೇಳಿದ. "ಒಳ್ಳೇ ಸ್ಟೀಲು ಅಂದಿದ್ದೆ ನೀನು."

"ನಿಲ್ಲಲ್ಲ ಸಾರ್."

ಆಮೇಲಿನ ದಿನಗಳಲ್ಲಿ ಅವಳೊಂದಿಗೆ ಯಾರೂ ಮಾತಾಡಲಿಲ್ಲ. ವಠಾರದ ನಲ್ಲಿಯಲ್ಲಿ ಅವಳು ಕೊಡ ಇಟ್ಟರೆ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಆಚೆ ನಿಲ್ಲುತ್ತಿದ್ದರು. ಕೋಣೆಯಲ್ಲಿ ಒಬ್ಬಳೇ ಉಂಡು, ತಟ್ಟೆ ತೊಳೆದು, ಮಾತು ಇನ್ನೂ ಬರುತ್ತದೆಯೇ ಎಂದು ನೋಡಲು ತನ್ನ ಹೆಸರನ್ನೇ ಒಮ್ಮೆ ಜೋರಾಗಿ ಕರೆದುಕೊಂಡಳು. ಗಂಟಲು ಯಾರದೋ ಅನ್ನಿಸಿತು.

ಮಹಡಿಯ ಕೆಲಸವನ್ನು ಯಜಮಾನ ಬೇರೊಬ್ಬನಿಗೆ ಕೊಟ್ಟಿದ್ದ. ಕೇಳಲು ಹೋದರೆ, ನೀನು ಕೊಯ್ದದ್ದು ಜನಕ್ಕೆ ತಾಗಿ ರಂಪ ಆಗಿದೆ, ಸ್ವಲ್ಪ ದಿನ ಮುಖ ತೋರಿಸಬೇಡ ಅಂದ.

ಅಲ್ಲಿಂದ ನೆಟ್ಟಗೆ ಅಜ್ಜಿಯ ಮನೆಗೆ ಹೋದಳು. ಸೊಸೆ ಅರ್ಧ ಬಾಗಿಲಷ್ಟೇ ತೆಗೆದಳು. ಕೈ ಊದಿ ಕೀವಾಗಿದೆ, ಬೆರಳು ಮಡಚಲು ಬರುವುದಿಲ್ಲ, ಇಟ್ಟಿಗೆ ಇನ್ನು ಕನಸಿನ ಮಾತು ಅಂದಳು. ಒಳಗಿನಿಂದ ಅಜ್ಜಿ ಕೆಮ್ಮಿದ್ದು ಕೇಳಿಸಿತು. ತಗಡಿನವಳು ಕಾದಳು. ಯಾರೆಂದು ಅಜ್ಜಿ ಕೇಳಲಿಲ್ಲ. ಸೊಸೆ ಬಾಗಿಲು ಹಾಕಿಕೊಂಡಳು.

ಮರುದಿನ ಅಂಗಡಿಯ ಮುಂದೆ ಕಾರುಗಳು ನಿಂತ ಹೊತ್ತಿಗೆ ಅವಳು ಮೆಷಿನ್ನಿನ ಬ್ಯಾಟರಿ ತುಂಬಿಸಿಕೊಂಡು ಬಂದಳು. ಕನ್ನಡಕ ಹಾಕಿ, ಕಟ್ಟೆಯ ಒಂದು ತುದಿಯಲ್ಲಿ ಮಂಡಿಯೂರಿ, ಎದ್ದು ನಿಂತ ಅಂಚಿನ ಬುಡಕ್ಕೆ ಚಕ್ರ ಹಿಡಿದಳು. ಕಿಡಿ ಹಾರಿತು. ಒಳಗಿದ್ದ ಗಿರಾಕಿಗಳು ಹೊರಗೆ ಬಂದರು. ಯಜಮಾನ ಓಡಿ ಬಂದು ಬಾಯಿ ತೆರೆದ, ಮುಚ್ಚಿದ. ಮೆಷಿನ್ನಿನ ಸದ್ದಿನಲ್ಲಿ ಅವನ ಬೈಗುಳ ಒಂದೂ ಕೇಳಿಸಲಿಲ್ಲ. ಹತ್ತಿರ ಬರಲು ಅವನಿಗೆ ಕಿಡಿಯ ಹೆದರಿಕೆ.

ಅವಳು ಅವಸರ ಮಾಡಲಿಲ್ಲ. ಒತ್ತಲೂ ಇಲ್ಲ. ಪಟ್ಟಿಗಳು ಒಂದೊಂದಾಗಿ ಕಳಚಿ ರಸ್ತೆಗೆ ಬಿದ್ದವು. ಆಮೇಲೆ ಉಳಿದ ಬುಡವನ್ನು ಉದ್ದಕ್ಕೂ ಉಜ್ಜಿದಳು, ಬೆರಳು ಹಾಯಿಸಿ ನೋಡಿ ಮತ್ತೆ ಉಜ್ಜಿದಳು. ಕೊನೆಗೆ ಕನ್ನಡಕ ತೆಗೆದು, ಮೂಲೆಯಲ್ಲಲ್ಲ, ಕಟ್ಟೆಯ ನಟ್ಟನಡುವೆ ಕೂತಳು.

ರಸ್ತೆಯಾಚೆ ಕೆಲಸ ಸಿಗದೆ ಉಳಿದವರು ನಿಂತು ನೋಡುತ್ತಿದ್ದರು. ಯಾರೂ ದಾಟಿ ಬರಲಿಲ್ಲ.

ಯಜಮಾನ ಕರೆಸಿದ ಪೊಲೀಸಿನವನು ಬಂದು ಇದು ಯಾರ ಕೆಲಸ ಅಂತ ಕೇಳಿದ.

"ಹಾಕಿದ್ದೂ ನಾನೇ, ಕಿತ್ತಿದ್ದೂ ನಾನೇ."

"ಎದ್ದೇಳೇ ಮೇಲಕ್ಕೆ."

"ಏಳಲ್ಲ. ಈಗ ತಾನೆ ಕೂತಿದೀನಿ."

ಅವನು ಅವಳ ರಟ್ಟೆಗೆ ಕೈ ಹಾಕಿದ. ಅವಳು ಎರಡೂ ಬರಿಗೈಯಲ್ಲಿ ಕಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.