ಹತ್ತರ ಪಕ್ಕದ ಚುಕ್ಕೆ

ನಾನು ರಸ್ತೆ ಬೋರ್ಡು ಬರೆಯುವವಳು. ತಪ್ಪು ಬರೆ ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಹಳೇ ಸೇತುವೆಯ ಬೋರ್ಡು ಬದಲಿಸಲು ಹೇಳಿದ ದಿನವೂ ಹಾಗೇ ಆಯಿತು. ಅಲ್ಲಿ ಭಾರದ ಮಿತಿ ಹತ್ತು ಟನ್ ಎಂದಿತ್ತು. ಅದು ಪೌಂಡಿನ ಕಾಲದ ಟನ್. ಈಗ ಎಲ್ಲ ಬೋರ್ಡೂ ಮೆಟ್ರಿಕ್ ಆಗಬೇಕು. ಹತ್ತನ್ನು ಹತ್ತಾಗಿಯೇ ಬಿಟ್ಟು ಪಕ್ಕದಲ್ಲಿ ಮೆಟ್ರಿಕ್ ಎಂದು ಸೇರಿಸಿದರೆ ಸಾಕು ಎಂದರು ಎಂಜಿನಿಯರ್ ಸಾಹೇಬರು.

ಸಾಲದು ಎಂದೆ. ಹಳೇ ಟನ್ನು ಹೊಸದಕ್ಕಿಂತ ಹದಿನಾರು ಕೆಜಿ ಜಾಸ್ತಿ. ಹತ್ತು ಟನ್ನಿಗೆ ನೂರ ಅರವತ್ತು. ಸೇತುವೆ ಇದ್ದ ಹಾಗೇ ಇದೆ, ನಾವು ಕುಂಚದಲ್ಲೇ ಅದರ ಶಕ್ತಿ ಕುಗ್ಗಿಸಿದಂತಾಯಿತು. ಹತ್ತರ ಪಕ್ಕ ಚುಕ್ಕೆ ಇಟ್ಟು ಒಂದು ಬರೆಯೋಣ, ಹತ್ತು ಟನ್ನಿನ ಮೇಲೆ ನೂರು ಕೆಜಿ ಆಗುತ್ತದೆ, ಉಳಿದ ಅರವತ್ತನ್ನು ಬಿಟ್ಟುಬಿಡೋಣ ಎಂದೆ.

ಸಾಹೇಬರು ತಾವೇ ಲೆಕ್ಕ ಹಾಕಿ, ಸರಿಯಿದೆ ಎಂದು ಒಪ್ಪಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ನಿಮ್ಮಕ್ಕನ ನೀರಿನ ಟ್ಯಾಂಕರ್ ದಿನಾ ಅದೇ ಸೇತುವೆ ಮೇಲೆ ಹೋಗುತ್ತಲ್ವಾ?"

ಮೈಯೆಲ್ಲ ಉರಿದುಹೋಯಿತು. ಹೋಗುತ್ತದೆ, ಯಾಕೆ ಮುಚ್ಚಿಡಲಿ? ಆಚೆ ದಡದ ಬಡಾವಣೆಗೆ ನೀರು ಕೊಡುವವಳು ಅಕ್ಕನೇ. ಭರ್ತಿ ಟ್ಯಾಂಕರು ಹತ್ತು ಟನ್ನಿನ ಮೇಲೆ ಒಂದು ಚೂರು ಎಂದು ಅವಳು ಹೇಳುತ್ತಿದ್ದಳು. ಸೇತುವೆ ತಪ್ಪಿದರೆ ಗುಡ್ಡ ಸುತ್ತಬೇಕು. ಹಾಗಾದರೆ ದಿನಕ್ಕೆ ಒಂದೇ ಸಲ ನೀರು, ಕೆಲಸ ಬೇರೆಯವರ ಪಾಲು.

"ತೂಕ ಹಾಕ್ಸಿ ಸಾರ್. ಜಾಸ್ತಿ ಬಂದ್ರೆ ನಾನೇ ಅಡ್ಡ ನಿಲ್ತೀನಿ" ಎಂದುಬಿಟ್ಟೆ.

ಲಾರಿ ತೂಗುವ ಜಾಗದಲ್ಲಿ ಅಕ್ಕನ ಭರ್ತಿ ಟ್ಯಾಂಕರಿಗೆ ಯಂತ್ರ ಹತ್ತು ಟನ್ ಮುನ್ನೂರ ನಲವತ್ತು ಕೆಜಿ ತೋರಿಸಿತು. ಹಳೇ ಲೆಕ್ಕದಲ್ಲೂ ಜಾಸ್ತಿಯೇ. ಹೊಸ ಪಂಪು, ಏಣಿ, ದಪ್ಪ ಪೈಪು ಹಾಕಿಸಿದ್ದನ್ನು ಅಕ್ಕ ಗಣನೆಗೇ ತೆಗೆದುಕೊಂಡಿರಲಿಲ್ಲ. ನಿನ್ನ ಬಾಯಿಯ ತೂಕವನ್ನೂ ಸೇರಿಸಿದರೇನೇ ಎಂದು ಕೇಳಿದಳು, ನಗಲಿಲ್ಲ. ಲೆಕ್ಕ ಸರಿಯಿದ್ದದ್ದಕ್ಕೆ ಸಾಹೇಬರು ಚುಕ್ಕೆಗೆ ರುಜು ಹಾಕಿದರು. ಇನ್ನು ನನ್ನ ಮಾತು ಉಳಿಸಿಕೊಳ್ಳುವುದು ಬಾಕಿ.

ಮರುದಿನ ಬೆಳಿಗ್ಗೆ ಬೋರ್ಡಿನಲ್ಲಿ ಹತ್ತು ಬರೆದು, ಚುಕ್ಕೆ ಇಟ್ಟಿದ್ದೆ, ಅಷ್ಟರಲ್ಲಿ ಟ್ಯಾಂಕರು ಬಂತು. ಏಣಿ ಇಳಿದು ಹೋಗಿ ರಸ್ತೆಗೆ ಅಡ್ಡ ನಿಂತೆ. ಒಡಹುಟ್ಟಿದವಳ ಅನ್ನಕ್ಕೆ ನಾನೇ ಕಲ್ಲು ಹಾಕುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಕಾಲು ಕದಲಿಸಲಿಲ್ಲ.

ಅಕ್ಕ ಮುಖ ಗಂಟು ಹಾಕಿಕೊಂಡೇ ಇಳಿದಳು. ನನ್ನ ಕಡೆ ನೋಡದೆ ಟ್ಯಾಂಕರಿನ ಹಿಂದೆ ಹೋಗಿ ನಲ್ಲಿ ತಿರುಗಿಸಿದಳು. ದಾರಿ ಬದಿಯ ಗಿಡಗಳಿಗೆ ನೀರು ಸುರಿಯಿತು. ಟ್ಯಾಂಕಿನ ಮಟ್ಟ ತೋರಿಸುವ ಕೊಳವೆಯ ಮೇಲೇ ಅವಳ ಕಣ್ಣು.

"ಲೀಟರಿಗೆ ಒಂದು ಕೆಜಿ. ನಿನ್ನ ಹೊಸ ಲೆಕ್ಕದಲ್ಲಿ ಇದೊಂದು ಸುಲಭ ಕಣೇ" ಎಂದಳು. "ಇನ್ನೂರೈವತ್ತು ಬಿಟ್ರೆ ಸಾಕಲ್ಲ?"

ಸಾಕು, ಹತ್ತು ಟನ್ ತೊಂಬತ್ತು ಕೆಜಿಗೆ ಇಳಿಯುತ್ತದೆ ಎಂದೆ. ಅವಳು ನಲ್ಲಿ ನಿಲ್ಲಿಸಿ ಕೊಳವೆಯ ಪಕ್ಕ ಬೆರಳಿಟ್ಟಳು.

"ಕೆಂಪು ಬಣ್ಣ ತಗೊಂಡು ಬಾ. ಇಲ್ಲಿಗೆ ಗೆರೆ ಎಳಿ. ಇನ್ಮೇಲೆ ಇದರ ಮೇಲೆ ತುಂಬಲ್ಲ."

ಇಷ್ಟು ವರ್ಷದಲ್ಲಿ ನನ್ನ ಗೆರೆ ಸೊಟ್ಟಗಾಗಿದ್ದಿಲ್ಲ, ಆವತ್ತು ಆಯಿತು. ಊರಿಗೆಲ್ಲ ಬೋರ್ಡು ಬರೆಯುವವಳ ಕೈ ನೋಡಿ ಎಂದು ಅಕ್ಕ ನಕ್ಕು, ಗಾಡಿ ಹತ್ತಿದಳು. ಟ್ಯಾಂಕರು ಸೇತುವೆ ದಾಟುವವರೆಗೂ ನಿಂತಿದ್ದು, ಮತ್ತೆ ಏಣಿ ಹತ್ತಿ, ಚುಕ್ಕೆಯ ಮುಂದೆ ಬಾಕಿಯಿದ್ದ ಒಂದನ್ನು ಬರೆದೆ.